ಯುದ್ಧಕ್ಕೆ ಹೋಗಿ ವಾಪಸ್ ಬಾರದ ದೊಡ್ಡಜ್ಜನಿಗೆ ಯಾವ ದಿನ ಎಡೆ ಇಡುವುದು?

ಕಾವೇರಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಜ್ಜಿಯ ಅಣ್ಣ ಮಹಾರಾಜರ ಸೈನ್ಯದಲ್ಲಿದ್ದರು. ಒಂದನೇ ಮೈಸೂರು ಇನ್‌ಫೆಂಟ್ರಿ. ಎರಡನೇ ಮಹಾಯುದ್ಧದಲ್ಲಿ ಆ ಪಲ್ಟನ್ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಜಪಾನಿಗಳ ಕೈಸೇರಿತು. ಆಮೇಲೆ ಅವರಿಂದ ಒಂದು ಕಾಗದವೂ ಬರಲಿಲ್ಲ. ಅಜ್ಜಿಗೆ ಆಗ ಎಂಟು ವರ್ಷ. ಈಗ ತೊಂಬತ್ತು ದಾಟಿದೆ. ಅವರನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಅಜ್ಜಿ ಒಬ್ಬರೇ ಉಳಿದಿದ್ದಾರೆ.

ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಅಲ್ವಾ? ನಮ್ಮಲ್ಲೂ ಹಾಗೇ ನಡೆದುಕೊಂಡು ಬಂದಿದೆ. ಹಿರಿಯರಿಗೆಲ್ಲ ಎಡೆ ಇಡುವಾಗ ಅವರಿಗೂ ಒಂದು ಎಲೆ. ಕಜ್ಜಾಯ, ವಡೆ, ಮಟನ್ ಸಾರು, ಒಂದು ಕಟ್ಟು ಬೀಡಿ. ಉಳಿದ ಗಂಡಸರಿಗೆ ಬಿಳಿ ಪಂಚೆ ಇಟ್ಟರೆ ಇವರಿಗೆ ಮಾತ್ರ ಖಾಕಿ ಬಟ್ಟೆ. ಅದನ್ನು ಯಾರು ಶುರು ಮಾಡಿದರೋ ಕೇಳಿದರೆ ಯಾರಿಗೂ ನೆನಪಿಲ್ಲ.

ಕಳೆದ ತಿಂಗಳು, ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರ ಪಟ್ಟಿಯಲ್ಲಿ ಸುಮ್ನೆ ಹುಡುಕಿದೆ. ಸಿಕ್ಕಿಬಿಟ್ಟರು. ಹೆಸರಿನ ಸ್ಪೆಲಿಂಗ್ ಕೆಟ್ಟಿದೆ, ಆದರೆ ತಂದೆಯ ಹೆಸರು, ಊರು, ಪಲ್ಟನ್ ಎಲ್ಲ ಸರಿ. ತೀರಿಕೊಂಡ ದಿನ 1944ರ ಮಾರ್ಚ್ 9. ಅಂದರೆ ಸೆರೆಯಲ್ಲಿ ಎರಡು ವರ್ಷ ಬದುಕಿದ್ದರು. ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ ಹೆಸರು ಕೆತ್ತಿದ್ದಾರೆ, ಯಾವ ಕಂಬ ಅನ್ನುವುದನ್ನೂ ಕೊಟ್ಟಿದ್ದಾರೆ.

ದಿನ ಸಿಕ್ಕಿದ ಮೇಲೆ ಅದೇ ದಿನ ಮಾಡಬೇಕು ಅನ್ನುತ್ತಾರೆ ಅಪ್ಪ. ಎಂಬತ್ತು ವರ್ಷ ನಡೆದದ್ದನ್ನು ಮುರಿಯಬಾರದು ಅನ್ನುತ್ತಾರೆ ಚಿಕ್ಕಪ್ಪ. ಅಜ್ಜಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಪ್ರತಿ ವರ್ಷ ಎಡೆ ಇಡುವ ಅಜ್ಜಿಯೇ ಒಮ್ಮೊಮ್ಮೆ "ಎಲ್ಲೋ ಸಂಸಾರ ಮಾಡ್ಕೊಂಡು ಇದ್ಬಿಟ್ನೋ ಏನೋ" ಅನ್ನುತ್ತಾರೆ.

ನಿಮ್ಮ ಮನೆಗಳಲ್ಲಿ ಇಂಥವರು ಇದ್ದರೆ ಏನು ಮಾಡ್ತೀರಿ?

ಹಳೇ ಪಂಚಾಂಗ

ಲೆಕ್ಕ ಹಾಕಿ ನೋಡಿದೆ. 1944ರ ಮಾರ್ಚ್ 9 ಅಂದರೆ ಫಾಲ್ಗುಣದ ಹುಣ್ಣಿಮೆ. ಕಾಮನ ಹುಣ್ಣಿಮೆ. ಊರಿನ ಹುಡುಗರು ಸೌದೆ ಕದ್ದು ಕಾಮನನ್ನು ಸುಡುವ ದಿನ. ತಿಥಿಯನ್ನೇ ಹಿಡಿಯುವುದಾದರೆ ಮಾರ್ಚ್ 9 ಲೆಕ್ಕಕ್ಕಿಲ್ಲ, ಪ್ರತಿ ವರ್ಷ ಕಾಮನ ಹುಣ್ಣಿಮೆಯೇ ನಿಮ್ಮ ದಿನ. ಮರೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು. ಆಯುಧದಿಂದ ಸತ್ತವರಿಗೆ ಅಂತಲೇ ಪಿತೃಪಕ್ಷದಲ್ಲಿ ಒಂದು ದಿನ ಇದೆ. ಅಮಾವಾಸ್ಯೆಯ ಹಿಂದಿನ ದಿನ, ಘಾತ ಚತುರ್ದಶಿ. ಸೆರೆಯಲ್ಲಿ ಕಾಯಿಲೆಯಿಂದಲೋ ಹಸಿವಿನಿಂದಲೋ ಹೋದವರು ಅದಕ್ಕೆ ಸೇರುತ್ತಾರಾ ಅನ್ನುವುದು ಬಲ್ಲವರ ಮಧ್ಯೆ ಜಗಳ ಹಚ್ಚುವ ಪ್ರಶ್ನೆ. ನಾನಂತೂ ಹಸಿವೂ ಒಂದು ಆಯುಧ ಅನ್ನುತ್ತೇನೆ.

ಜೆ.ಸಿ.ನಗರ ಹುಡುಗ

ನಮ್ಮದು ಇನ್ನೂ ಹಳೆಯ ಕಥೆ. ನಮ್ಮ ಪರದಾದಾ (ಮುತ್ತಜ್ಜ) ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. 1914ರ ಕೊನೆಯಲ್ಲಿ ಬೆಂಗಳೂರಿನಿಂದ ಹೊರಟು, ಕುದುರೆಗಳ ಜೊತೆ ಹಡಗಿನಲ್ಲಿ ಈಜಿಪ್ಟ್‌ಗೆ ಹೋದ ದಳ ಅದು. ಸೂಯೆಜ್ ಕಾಲುವೆ ಕಾದರು, ಗಾಜಾ ಕಡೆ ಹೋದರು, 1918ರ ಸೆಪ್ಟೆಂಬರ್ 23ಕ್ಕೆ ಹೈಫಾ, ಈಗಿನ ಇಸ್ರೇಲಿನಲ್ಲಿದೆ. ಜೋಧಪುರದವರು ಊರಿನ ಮೇಲೆ ನೇರ ನುಗ್ಗಿದರು. ನಮ್ಮವರು ಕಾರ್ಮೆಲ್ ಗುಡ್ಡದ ಮೇಲಿದ್ದ ಫಿರಂಗಿಗಳ ಕಡೆ ಹತ್ತಿದರು, ಇನ್ನೊಂದು ತುಕಡಿ ಉತ್ತರದಿಂದ ಬಂತು. ಕುದುರೆ, ಭರ್ಜಿ ಒಂದು ಕಡೆ. ಮಷಿನ್ ಗನ್ ಇನ್ನೊಂದು ಕಡೆ. ಸಂಜೆಯೊಳಗೆ 1,350 ಜನ ಸೆರೆ, 17 ಫಿರಂಗಿ ವಶ. ಸತ್ತ ಸೈನಿಕರು 8, ಸತ್ತ ಕುದುರೆಗಳು 60.

ಮನೆಯಲ್ಲಿ ಉಳಿದಿರುವುದು ಈ ಅಂಕಿಯಲ್ಲ, ಕುದುರೆಯ ಕಥೆ. ಪರದಾದಾ ವಾಪಸ್ ಬಂದ ಮೇಲೆ ಟಾಂಗಾ ಹತ್ತುತ್ತಿರಲಿಲ್ಲವಂತೆ. ಎಷ್ಟೇ ದೂರವಾದರೂ ನಡೆದೇ ಹೋಗುತ್ತಿದ್ದರು. ಕಾರಣ ಕೇಳಿದರೆ "ಅದಕ್ಕೂ ಸಾಕಾಗಿದೆ" ಅನ್ನುತ್ತಿದ್ದರು.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಜೋರಾಗಿ ಹೇಳುತ್ತಿರಲಿಲ್ಲ. ಎದುರಿಗಿದ್ದವರು ತುರ್ಕರು. ತುರ್ಕಿಯ ಸುಲ್ತಾನ ಅಂದರೆ ಆಗಿನ ಖಲೀಫ. ಶುಕ್ರವಾರದ ನಮಾಜಿನಲ್ಲಿ ಯಾರ ಹೆಸರು ಕೇಳಿ ಬೆಳೆದಿದ್ದರೋ ಅವರ ಸೈನ್ಯದ ಮೇಲೆಯೇ ಭರ್ಜಿ ಹಿಡಿದು ಹೋಗಬೇಕಾಯಿತು. ಅತ್ತ ಅವರು ಹೈಫಾದಿಂದ ಅಲೆಪ್ಪೊ ಕಡೆ ಹೋಗುತ್ತಿದ್ದಾಗ, ಇತ್ತ ಇನ್‌ಫ್ಲುಯೆಂಜಾ ಬಂದು ಹೆಂಡತಿ, ಒಂದು ಮಗು ಎರಡನ್ನೂ ತೆಗೆದುಕೊಂಡು ಹೋಯಿತು. ಯುದ್ಧಕ್ಕೆ ಹೋದವರು ಬದುಕಿ ಬಂದರು, ಮನೆಯಲ್ಲಿದ್ದವರು ಉಳಿಯಲಿಲ್ಲ. ನಾವೆಲ್ಲ ಅವರ ಎರಡನೇ ಮದುವೆಯ ಸಂತಾನ.

ಮುನಿರೆಡ್ಡಿಪಾಳ್ಯದ ಹತ್ತಿರ ಲ್ಯಾನ್ಸರ್ಸ್ ಸ್ಮಾರಕ ಇದೆ. ಸತ್ತವರ ಹೆಸರುಗಳು ಕಲ್ಲಿನ ಮೇಲಿವೆ. ಬದುಕಿ ಬಂದವರ ಹೆಸರು ಎಲ್ಲೂ ಇಲ್ಲ. ಆದರೂ ನಾನು ಪ್ರತಿ ಸೆಪ್ಟೆಂಬರ್ 23ಕ್ಕೆ ಅಲ್ಲಿಗೆ ಹೋಗಿ ಒಂದು ಫಾತಿಹಾ ಓದಿ ಬರುತ್ತೇನೆ. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು ಅಂತ ಎಷ್ಟು ಜನ ಕನ್ನಡಿಗರಿಗೆ ಗೊತ್ತು?

ಹಳೇ ಪಂಚಾಂಗ

ಜೆ.ಸಿ.ನಗರದವರೇ, 1918ರ ಸೆಪ್ಟೆಂಬರ್ 23 ಪಿತೃಪಕ್ಷದೊಳಗೇ ಬೀಳುತ್ತದೆ. ಹುಣ್ಣಿಮೆ ಕಳೆದು ಮೂರ್ನಾಲ್ಕು ದಿನ. ಈಗಷ್ಟೇ ಗಮನಿಸಿದೆ, ಮೈ ಜುಮ್ಮೆಂದಿತು.

ಸುಮ್ನೆ ಕೇಳ್ತೀನಿ

ಬೇಜಾರಾಗಬೇಡಿ. ಇದರಲ್ಲಿ ಹೆಮ್ಮೆ ಪಡುವಂಥದ್ದು ಏನಿದೆ? ಇಂಗ್ಲಿಷರ ಯುದ್ಧ, ಇಂಗ್ಲಿಷರ ಲಾಭ. ನಮ್ಮವರು ಯಾರದೋ ನೆಲಕ್ಕೆ ಹೋಗಿ ಯಾರಿಗಾಗಿಯೋ ಸತ್ತರು. ನೆನಪು ಬೇರೆ, ವೈಭವ ಬೇರೆ.

ಮಂಡ್ಯದ ಮೇಷ್ಟ್ರು

ವೈಭವ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಎಡೆ ಇಡುವುದು ವೈಭವವಲ್ಲ ಸ್ವಾಮಿ. ಒಂದನೇ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆ ಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಸಿಪಾಯಿಗೆ ತಿಂಗಳ ಸಂಬಳ 11 ರೂಪಾಯಿ. ಯುದ್ಧ ಬೇಕೋ ಬೇಡವೋ ಎಂದು ಯೋಚಿಸಿದವರು ಒಂದು ಕಡೆ, ಹೊಟ್ಟೆಪಾಡಿಗೆ ಹೋದವರು ಇನ್ನೊಂದು ಕಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನೊಂದು. ಬೇಗೂರಿನ ದೇವಸ್ಥಾನದ ಹತ್ತಿರ ಒಂದು ಕಲ್ಲು ಇದೆ, ಸುಮಾರು 900ರ ಕಾಲದ್ದು. "ಬೆಂಗಳೂರ ಕಾಳಗ"ದಲ್ಲಿ ಸತ್ತ ಒಬ್ಬನ ಹೆಸರಿಗಾಗಿ ಹಾಕಿಸಿದ್ದು. ಬೆಂಗಳೂರು ಅನ್ನುವ ಹೆಸರಿಗೆ ನಮಗಿರುವ ಹಳೆಯ ಸಾಕ್ಷಿ ಅದೇ. ಆ ಕಾಳಗ ಯಾಕಾಯಿತು, ನ್ಯಾಯ ಯಾರ ಕಡೆ ಇತ್ತು, ಇವತ್ತು ಯಾರು ಕೇಳುತ್ತಾರೆ? ಸತ್ತವನ ಹೆಸರು ಉಳಿಯಿತು, ಅದರ ಬೆನ್ನಿಗೆ ನಮ್ಮೂರ ಹೆಸರೂ ಉಳಿಯಿತು. ನಮ್ಮ ಕಡೆ ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಾರೆ, ಅದು ಬೇರೆ ಮಾತು.

ಸುಮ್ನೆ ಕೇಳ್ತೀನಿ

ಮೇಷ್ಟ್ರೇ, ಬಟ್ಟೆ ಒಗೆಯುವ ಕಲ್ಲಿನ ಮಾತು ತಟ್ಟಿತು. ನಮ್ಮೂರಲ್ಲೂ ಒಂದಿದೆ. ಉಳಿದದ್ದಕ್ಕೆ ನನ್ನ ಅನುಮಾನ ಹಾಗೇ ಇದೆ, ಇರಲಿ ಬಿಡಿ.

ಬೆಳಗಾವಿ ಬೆಂಡೆಕಾಯಿ

ನಮ್ಮ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿ, ಒಂದನೇ ಬಟಾಲಿಯನ್ನು. ಜಂಗಿ ಪಲ್ಟನ್ ಅಂತಾರ್ರೀ. ಮರಾಠಾ ಅಂತ ಹೆಸರು ಇದ್ದರೂ ನಮ್ಮ ಬೆಳಗಾವಿ, ಧಾರವಾಡ ಕಡೆಯ ಕನ್ನಡ ಮನೆಗಳಿಂದಲೂ ಹೋದವರು ಇದ್ದಾರೆ. 1971ರ ಡಿಸೆಂಬರಿನಲ್ಲಿ ಅಜ್ಜ ಜಮಾಲ್‌ಪುರದಲ್ಲಿದ್ದರು. ಈಗಿನ ಬಾಂಗ್ಲಾದೇಶ.

ಆ ಕಾಳಗದ ಒಂದು ಕಥೆ ಪ್ರಸಿದ್ಧ. ನಮ್ಮ ಬ್ರಿಗೇಡಿಯರ್ ಕ್ಲೇರ್ ಅವರು ಶರಣಾಗಿ ಅಂತ ಚೀಟಿ ಕಳಿಸಿದರು. ಪಾಕಿಸ್ತಾನದ ಕರ್ನಲ್ ಉತ್ತರದ ಜೊತೆ ಒಂದು ಗುಂಡನ್ನು ಇಟ್ಟು ಕಳಿಸಿದ. ಪೆನ್ನಿನ ಬದಲು ಬಂದೂಕಿನಲ್ಲಿ ಮಾತಾಡೋಣ ಅನ್ನುವ ಅರ್ಥ. ಒಂದನೇ ಮರಾಠಾದವರು ಬ್ರಹ್ಮಪುತ್ರ ದಾಟಿ, ಊರಿನ ಹಿಂದೆ ಢಾಕಾ ರಸ್ತೆಗೆ ಅಡ್ಡ ಕೂತಿದ್ದರು. ರಾತ್ರಿ ಆ ಕಡೆಯವರು ಒಡೆದುಕೊಂಡು ಹೋಗಲು ನೋಡಿದರು. ಆಗಲಿಲ್ಲ. ಡಿಸೆಂಬರ್ 11ಕ್ಕೆ ಜಮಾಲ್‌ಪುರ ಬಿತ್ತು.

ಇದೆಲ್ಲ ನಾನು ಓದಿ ತಿಳಿದದ್ದು. ಅಜ್ಜ ಹೇಳಿದ್ದು ಒಂದೇ ಮಾತು: "ಬೆಳಗಾದ ಮೇಲೆ ರಸ್ತೆ ನೋಡಬಾರದಿತ್ತು." ಅದರ ಮೇಲೆ ಒಂದು ಅಕ್ಷರ ಇಲ್ಲ. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಪಟಾಕಿಗೆ ಪರವಾನಗಿ ಇರಲಿಲ್ಲ. ಯಾರದೇ ಮದುವೆ ಇದ್ದರೂ ಅಜ್ಜ ಆ ತಿಂಗಳು ಊಟಕ್ಕೆ ಹೋಗುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡರು. ಈಗ ನಾವೂ ಡಿಸೆಂಬರಿನಲ್ಲಿ ಪಟಾಕಿ ಹಚ್ಚುವುದಿಲ್ಲ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಬಿಟ್ಟಿದೆ.

ಕೊಡಗಿನ ಮಳೆ

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಆ ಸದ್ದಿಗೇ ಸುತ್ತಲಿನ ಮನೆಗಳಿಗೆ ಸುದ್ದಿ ತಲುಪುತ್ತಿತ್ತು. ನಮ್ಮ ತಾತನ ತಮ್ಮ ಬರ್ಮಾದಲ್ಲಿ ತೀರಿಕೊಂಡಾಗ ಬಂದದ್ದು ಟೆಲಿಗ್ರಾಂ ಮಾತ್ರ. ದೇಹ ಇಲ್ಲದೆ ಗುಂಡು ಹಾರಿಸುವುದಾ ಬೇಡವಾ ಅಂತ ಐನ್‌ಮನೆಯ (ಕುಟುಂಬದ ಮೂಲಮನೆ) ಅಂಗಳದಲ್ಲಿ ದೊಡ್ಡವರು ಮಧ್ಯಾಹ್ನದವರೆಗೆ ಕೂತಿದ್ದರಂತೆ. ಕೊನೆಗೆ ಅವರ ತಾಯಿಯೇ ಕೋವಿ ತಂದು ಕೊಟ್ಟರು. ಈಗ ಅವರ ಹೆಸರು ರಂಗೂನ್ ಸ್ಮಾರಕದಲ್ಲಿದೆ, ಸುಮಾರು 27,000 ಹೆಸರುಗಳ ನಡುವೆ. ಆದರೆ ನಮಗೆ ಅವರು ಹಿರಿಯರ ಗುಡಿಯಾದ ಕೈಮಡದಲ್ಲಿ ಉಳಿದ ಕಾರಣರ, ಅಂದರೆ ಪೂರ್ವಿಕರ, ಜೊತೆಗೇ ಇದ್ದಾರೆ. ವರ್ಷಕ್ಕೊಮ್ಮೆ ಮೀದಿ (ಹಿರಿಯರಿಗೆ ಊಟ, ಮದ್ಯದ ಎಡೆ) ಇಡುವಾಗ ಅವರಿಗೆ ಅಂತ ಬೇರೆ ಎಲೆ ಇಲ್ಲ. ಎಲ್ಲರ ಜೊತೆ ಕುಡಿಯಲಿ ಬಿಡಿ.

ದಿನ ತಡವಾಗಿ ಸಿಗುವ ವಿಷಯಕ್ಕೆ ಬಂದರೆ, ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಅವರ ಮಿಸ್ಟಿಯರ್ ವಿಮಾನ ವಾಪಸ್ ಬರಲಿಲ್ಲ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಅವರು ಕೆಡವಿದ್ದು ನಮ್ಮವರಿಗೆ ಗೊತ್ತಾದದ್ದು ವರ್ಷಗಳ ಮೇಲೆ, ಆ ಕಡೆಯ ವಿವರ ಹೊರಬಂದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ನಿಮ್ಮದು ಎಂಬತ್ತು. ತಡವಾದರೂ ಸಿಕ್ಕಿತಲ್ಲ, ಅಜ್ಜಿಗೆ ಹೇಳಿ. ಅವರಿಗಿಂತ ಜಾಸ್ತಿ ಕಾದವರು ಯಾರಿದ್ದಾರೆ?

ಹೆಸರು ಬೇಡ

ನಮ್ಮಪ್ಪ 1987ರಲ್ಲಿ ಶಾಂತಿ ಪಾಲನಾ ಪಡೆ ಜೊತೆ ಶ್ರೀಲಂಕಾಕ್ಕೆ ಹೋದರು. ಜಾಫ್ನಾ. ಬಲಗಾಲು ಅಲ್ಲೇ ಬಿಟ್ಟು ಬಂದರು. ಶಾಲೆಯಲ್ಲಿ "ನಿಮ್ಮಪ್ಪ ಯಾವ ಯುದ್ಧ?" ಅಂತ ಕೇಳಿದರೆ ನನಗೆ ಉತ್ತರ ಇರುತ್ತಿರಲಿಲ್ಲ. 65 ಅನ್ನಬಹುದು, 71 ಅನ್ನಬಹುದು, ಕಾರ್ಗಿಲ್ ಅನ್ನಬಹುದು. ಅಪ್ಪನ ಯುದ್ಧಕ್ಕೆ ಹೆಸರೇ ಇಲ್ಲ. ಶಾಂತಿ ಅಂತ ಹೆಸರಿಟ್ಟು ಕಳಿಸಿದರಲ್ಲ. ಸತ್ತವರ ಹೆಸರುಗಳ ಗೋಡೆ ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟೆ ಅನ್ನುವ ಊರಿನಲ್ಲಿದೆ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೆ. "ನನ್ನ ಪಕ್ಕ ನಡೆಯುತ್ತಿದ್ದವನ ಹೆಸರು ಓದೋಕೆ ಅಷ್ಟು ದೂರ ಹೋಗಬೇಕಾ, ನನಗೆ ಬಾಯಿಪಾಠ ಇದೆ" ಅಂದರು. ಅಷ್ಟೇ.

ಟ್ರಂಕು ಕೆದಕುವವ

ಮೇಲಿನದನ್ನು ಓದಿದ ಮೇಲೆ ಏನು ಬರೆಯುವುದೋ ತಿಳಿಯುತ್ತಿಲ್ಲ. ಹುಡುಕುವವರಿಗೆ ಉಪಯೋಗವಾದೀತು ಅಂತ ನಾಲ್ಕು ಮಾತು ಹೇಳುತ್ತೇನೆ.

ಮೆಡಲ್ ಇದ್ದರೆ ಮೊದಲು ಅದರ ಅಂಚು ನೋಡಿ, ಭೂತಗನ್ನಡಿ ಹಿಡಿದು. ಒಂದನೇ ಯುದ್ಧದ ಮೆಡಲ್‌ಗಳಲ್ಲಿ ನಂಬರು, ಹೆಸರು, ದಳ ಅಂಚಿನಲ್ಲೇ ಒತ್ತಿರುತ್ತಾರೆ. ನಕ್ಷತ್ರದ ಆಕಾರದ ಸ್ಟಾರ್ ಮೆಡಲ್ ಆದರೆ ಬೆನ್ನ ಮೇಲೆ. ಎರಡನೇ ಯುದ್ಧದಲ್ಲೂ ಭಾರತದಲ್ಲಿ ಕೊಟ್ಟವುಗಳಲ್ಲಿ ಹೆಸರು ಇರುತ್ತದೆ. ದಯವಿಟ್ಟು ಹುಣಸೆಹಣ್ಣು, ಬ್ರಾಸೊ ಹಾಕಿ ಉಜ್ಜಬೇಡಿ. ನಮ್ಮ ಅತ್ತೆ ಪ್ರತಿ ದೀಪಾವಳಿಗೆ ಫಳಫಳ ಮಾಡಿ ಮಾಡಿ ಅರ್ಧ ಹೆಸರನ್ನೇ ಅಳಿಸಿದ್ದಾರೆ. ಒಂದನೇ ಯುದ್ಧದ ದುಂಡನೆಯ ಬೆಳ್ಳಿ ಮೆಡಲ್ ಕಾಣೆಯಾಗಿದ್ದರೆ ಯಾರನ್ನೂ ಬೈಯಬೇಡಿ. ಬರಗಾಲದಲ್ಲಿ ಅದು ಕಾಲುಂಗುರವೋ ಅಕ್ಕಿಯೋ ಆಗಿರುತ್ತದೆ.

ಕಮಿಷನ್ ಪಟ್ಟಿಯಲ್ಲಿರುವುದು ಸತ್ತವರು ಮಾತ್ರ. ಅದರಲ್ಲಿ ಹುಡುಕುವಾಗ ನಮ್ಮ ಉಚ್ಚಾರಣೆ ಮರೆತುಬಿಡಿ. ಉತ್ತರದ ಗುಮಾಸ್ತನೋ ಇಂಗ್ಲಿಷ್ ಸಾಹೇಬನೋ ಸಿದ್ದಯ್ಯ ಅನ್ನುವುದನ್ನು ಕೇಳಿ ಹೇಗೆ ಬರೆದಾನು ಅಂತ ಯೋಚಿಸಿ. ಹೆಸರಿಗಿಂತ ದಳ ಮತ್ತು ಇಸವಿ ಹಾಕಿ ಹುಡುಕುವುದು ವಾಸಿ. ಬದುಕಿ ಬಂದವರಾದರೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸು: ಮರಾಠಾದವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು. ಕಾವೇರಿ ದಂಡೆಯವರೇ, ನಿಮ್ಮ ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿನ 18ನೇ ಬಟಾಲಿಯನ್ ಆಯಿತು. ಅವರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್. ಲ್ಯಾನ್ಸರ್ಸ್‌ನವರು 61ನೇ ಕ್ಯಾವಲ್ರಿಗೆ ಸೇರಿಹೋದರು. ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಅಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ತಾವೇ ಎದ್ದು ಹೋಗಿ ಕಡತ ತಂದರು. ಅವರ ಅಪ್ಪನೂ ಮಿಲಿಟ್ರಿಯಂತೆ.

ಸೆರಂಗೂನ್ ರೋಡ್

ಕಾವೇರಿ ದಂಡೆಯವರೇ, ನಾನು ಸಿಂಗಪುರದಲ್ಲಿದ್ದೇನೆ. ಊರು ಹಾಸನ. ಕ್ರಾಂಜಿ ಮೆಟ್ರೊ ನಿಲ್ದಾಣದಿಂದ ಸ್ಮಾರಕಕ್ಕೆ ನಡೆದೇ ಹೋಗಬಹುದು. ಕಂಬದ ನಂಬರು ಕಳಿಸಿ, ಶನಿವಾರ ಹೋಗಿ ಬರುತ್ತೇನೆ. ಒಂದು ಅನುಮಾನ: ಅವರು ನೇತಾಜಿಯವರ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೇರಿದ್ದರಾ?

ಕಾವೇರಿ ದಂಡೆ

ನಂಬರು ಮೆಸೇಜ್ ಮಾಡಿದ್ದೇನೆ. ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಐಎನ್‌ಎ ವಿಷಯ: ಊರಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಬೋಸರ ಜೊತೆ ಹೋದ ಅಂತ. ಸೆರೆಯಾದವರಲ್ಲಿ ಸಾವಿರಾರು ಜನ ಹೋದದ್ದು ನಿಜ, ಹೋಗದೆ ಸೆರೆಯಲ್ಲೇ ಉಳಿದವರೂ ಸಾವಿರಾರು. ಕಮಿಷನ್ ಪಟ್ಟಿಯಲ್ಲಿ ಮೈಸೂರು ಇನ್‌ಫೆಂಟ್ರಿ ಅಂತಷ್ಟೇ ಇದೆ. ಮನೆಯಲ್ಲಿ ಇದರ ಬಗ್ಗೆಯೂ ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ.

ಸೆರಂಗೂನ್ ರೋಡ್

ಹೋಗಿ ಬಂದೆ. ದಿಬ್ಬದ ಮೇಲೆ ಸಾಲು ಸಾಲು ಬಿಳಿ ಕಲ್ಲು. ಮೇಲೆ ವಿಮಾನದ ರೆಕ್ಕೆಯಂಥ ಚಾವಣಿ, ಅದರ ಕೆಳಗೆ ಗೋಡೆಗೋಡೆಯಾಗಿ ನಿಂತ ಕಂಬಗಳು, 24,000ಕ್ಕೂ ಹೆಚ್ಚು ಹೆಸರು. ಮೈಸೂರು ಅನ್ನುವ ಅಕ್ಷರ ಕಂಡಾಗ ಯಾಕೋ ಗಂಟಲು ಕಟ್ಟಿತು. ನಿಮ್ಮ ದೊಡ್ಡಜ್ಜ ನನ್ನ ಎದೆಮಟ್ಟದಲ್ಲಿದ್ದಾರೆ. ಬಗ್ಗಬೇಕಾಗಿಲ್ಲ, ಕತ್ತೆತ್ತಬೇಕಾಗಿಯೂ ಇಲ್ಲ. ಮಧ್ಯಾಹ್ನದ ಬಿಸಿಲು ನೇರ ಬೀಳುವುದಿಲ್ಲ. ಪಕ್ಕಪಕ್ಕದಲ್ಲೇ ನಮ್ಮ ಕಡೆಯ ಹೆಸರುಗಳು, ಕೆಲವು ಕಾಗುಣಿತ ತಪ್ಪಿದ್ದರೂ ಬಾಯಲ್ಲಿ ಹೇಳಿಕೊಂಡರೆ ಗೊತ್ತಾಗುತ್ತದೆ. ಎಲ್ಲವನ್ನೂ ಒಂದು ಸಲ ಜೋರಾಗಿ ಓದಿದೆ. ಅಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಮೆಷಿನ್ ನಿಲ್ಲಿಸಿ ನೋಡಿದ.

ಅದರ ಹಿಂಬದಿಯಲ್ಲಿ, ದಹನವಾದವರಿಗೆ ಬೇರೆ ಒಂದು ಸ್ಮಾರಕವೂ ಇದೆ. ಅಲ್ಲೂ ನಿಂತು ಬಂದೆ.

ಐಎನ್‌ಎ ಜಗಳ ಬಗೆಹರಿದಿಲ್ಲ ಅಂದಿರಲ್ಲ. ವಾಪಸ್ ಬರುವಾಗ ಎಸ್‌ಪ್ಲನೇಡಿಗೂ ಹೋದೆ. ಐಎನ್‌ಎ ಸ್ಮಾರಕ ಇದ್ದದ್ದು ಅಲ್ಲಿ. 1945ರಲ್ಲಿ ಕಟ್ಟಿದರು, ಬ್ರಿಟಿಷರು ವಾಪಸ್ ಬಂದವರೇ ಒಡೆದು ಹಾಕಿದರು. ಈಗ ಆ ಜಾಗದಲ್ಲಿ ಒಂದು ಫಲಕ ಇದೆ. ಎರಡೂ ಕಡೆಯ ಫೋಟೊ ಕಳಿಸಿದ್ದೇನೆ. ಬೀಡಿ ಇಲ್ಲಿ ಸಿಗಲಿಲ್ಲ, ಕ್ಷಮಿಸಿ.

ಕಾವೇರಿ ದಂಡೆ

ನಿನ್ನೆ ಸಂಜೆ ಅಜ್ಜಿಗೆ ಹೇಳಿದೆವು. ಫೋಟೊ ದೊಡ್ಡದು ಮಾಡಿ ತೋರಿಸಿದೆ. ಅಜ್ಜಿಗೆ ಓದು ಬರುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟು "ಇದೇನಾ?" ಅಂದರು. ಹೌದು ಅಂದೆ. ತುಂಬ ಹೊತ್ತು ಫೋನು ಕೈಯಲ್ಲೇ ಇತ್ತು. ಪರದೆ ಕತ್ತಲಾದಾಗೆಲ್ಲ "ಹಚ್ಚು" ಅನ್ನುತ್ತಿದ್ದರು.

ಅತ್ತದ್ದು ಅಪ್ಪ. ಅಜ್ಜಿ ಕೇಳಿದ್ದು ಎರಡೇ ಪ್ರಶ್ನೆ. ಮಳೆ ಬಂದರೆ ನೆನೆಯುತ್ತದಾ? ಚಾವಣಿ ಇದೆ ಅಂದೆ. ಪಕ್ಕದಲ್ಲಿರುವವರು ಯಾರು? ಆ ಸೆರಂಗೂನ್ ರೋಡ್ ಅವರು ಕಳಿಸಿದ ಪಟ್ಟಿ ಓದಿ ಹೇಳಿದೆ. ಮೂರನೇ ಹೆಸರಿಗೆ "ಅವನು ನಮ್ಮ ಮನೆಗೆ ಬಂದಿದ್ದ, ಮುದ್ದೆ ಚೆನ್ನಾಗಿ ಉಣ್ತಿದ್ದ" ಅಂದರು. ಅದೇ ಹುಡುಗನೋ ಅದೇ ಹೆಸರಿನ ಬೇರೆಯವನೋ, ನಾವು ಕೇಳಲಿಲ್ಲ.

ದಿನದ ವಿಷಯ ಅಪ್ಪ ಮೆಲ್ಲಗೆ ತೆಗೆದರು, ಕಾಮನ ಹುಣ್ಣಿಮೆಯೋ ಅಮಾವಾಸ್ಯೆಯೋ ಅಂತ. ಅಜ್ಜಿ ನಮ್ಮನ್ನು ಬುದ್ಧಿಯಿಲ್ಲದವರ ಥರ ನೋಡಿದರು. "ಸೆರೆಮನೇಲಿ ಹೊಟ್ಟೆಗಿಲ್ದೆ ಸತ್ತೋನು. ಎರಡು ಸಲ ಇಕ್ಕಿದ್ರೆ ಬ್ಯಾಡ ಅಂತಾನಾ?"

ಹಳೇ ಪಂಚಾಂಗ

ಅಜ್ಜಿಯ ಮಾತಿನ ಮೇಲೆ ನನ್ನ ಪಂಚಾಂಗ ಮಡಚಿಟ್ಟೆ.

ಸೆರಂಗೂನ್ ರೋಡ್

ಆ ಮೂರನೇ ಹೆಸರಿನವರಿಗೆ ಎಡೆ ಇಡುವವರು ಯಾರಾದರೂ ಇದ್ದಾರಾ?

ಕಾವೇರಿ ದಂಡೆ

ಅಜ್ಜಿ ಆಗಲೇ ಎಲೆ ಲೆಕ್ಕ ಹಾಕಿಯಾಗಿದೆ. ಈ ವರ್ಷ ಒಂದು ಜಾಸ್ತಿ. ಮುದ್ದೆ ಬೇರೆ ಮಾಡಬೇಕಂತೆ.